ಕಡಲು ದಾಟಿ ಬಂದ ಪಹು

ಹವಾಯಿ ದ್ವೀಪಗಳ ಪಹುವೆಂಬ ಭೇರಿಯ ಚರಿತ್ರೆಯನ್ನು ಹೇಳಹೊರಟವರು ಮರಕ್ಕೂ ಚರ್ಮಕ್ಕೂ ಮುನ್ನ ಹೈಕಾಮಾಲಾಮಾ ಎಂಬವನ ಕಥೆಯನ್ನು ಹೇಳಬೇಕು. ದೂರದ ತಾಹಿತಿಯ ಕಡೆಯಿಂದ ಲಾಮೈಕಾಹಿಕಿಯೆಂಬ ನಾಯಕನು ದೋಣಿಯಲ್ಲಿ ಭೇರಿಯನ್ನಿರಿಸಿಕೊಂಡು, ಅದನ್ನು ನುಡಿಸುತ್ತ ಓಆಹು ದ್ವೀಪದ ತೀರದಗುಂಟ ಸಾಗುತ್ತಿರಲು, ಹನೌಮಾದಲ್ಲಿದ್ದ ಈತನು ಹಿಂದೆಂದೂ ಕೇಳದ ಆ ನಾದಕ್ಕೆ ಮಾರುಹೋದನೆಂದು ಐತಿಹ್ಯವಿದೆ. ದೋಣಿ ಕಡಲಿನಲ್ಲಿ, ಇವನು ದಡದಲ್ಲಿ. ಕಿವಿಗೆ ಬಿದ್ದ ಲಯವನ್ನು ತನ್ನೆದೆಯ ಮೇಲೆಯೇ ತಟ್ಟಿ ತಟ್ಟಿ ಕಲಿಯುತ್ತ, ತೇಲಿಬಂದ ಹಾಡಿನ ನುಡಿಗಳನ್ನು ನಾಲಗೆಗೆ ತಂದುಕೊಳ್ಳುತ್ತ, ಕಾನೆಓಹೆಯವರೆಗೂ ಆತ ದೋಣಿಯನ್ನು ಹಿಂಬಾಲಿಸಿದನು. ದೋಣಿ ದಡ ಸೇರಿದೊಡನೆ, ಈ ವಾದ್ಯ ತನಗೆ ಹೊಸತಲ್ಲವೆಂಬಂತೆ ಹಾಡಿ ತೋರಿಸಿ, ಭೇರಿಯನ್ನು ಕಣ್ಣಾರೆ ಕಂಡು, ಬಳಿಕ ಅದರಂತೆಯೇ ಇನ್ನೊಂದನ್ನು ನಿರ್ಮಿಸಿದನಂತೆ. ಇದನ್ನು ವಂಚನೆಯೆನ್ನಲು ನನಗೆ ಮನಸ್ಸೊಪ್ಪದು. ಕದಿಯಬಲ್ಲಷ್ಟು ಪ್ರೀತಿಯಿಂದ ಕೇಳುವ ಕಿವಿ ಎಲ್ಲರಿಗೂ ದೊರೆಯುವುದಿಲ್ಲ.

ಲಾಮೈಕಾಹಿಕಿ ತಂದ ಭೇರಿ ಕೌವಾಯಿ ದ್ವೀಪದ ವೈಲುವಾ ನದಿಯ ಬಳಿಯ ದೇವಾಲಯದಲ್ಲಿ ಪ್ರತಿಷ್ಠಿತವಾಯಿತೆನ್ನುತ್ತಾರೆ. ಪಹುವೆಂಬ ಇದೇ ಹೆಸರು ಮಾವೊರಿ ಜನರಲ್ಲಿ ಚರ್ಮವೇ ಇಲ್ಲದ, ಕೋಟೆಗಳಲ್ಲಿ ತೂಗುಹಾಕಿ ಬಡಿಯುವ ಮರದ ಹಲಗೆಗೆ ಸಂದಿದೆ.

ಹವಾಯಿಯ ಪಹು ತೆಂಗಿನ ಇಲ್ಲವೆ ದೀವಿಹಲಸಿನ ಕಾಂಡದ್ದು. ಕಾಂಡವನ್ನು ಎರಡು ತುದಿಗಳಿಂದಲೂ ಕೊರೆದು, ನಡುವೆ ಒಂದು ತಡೆಯನ್ನು ಉಳಿಸಿ, ಮೇಲಿನ ಭಾಗವನ್ನು ನಾದಕ್ಕೂ ಕೆಳಗಿನದನ್ನು ಅರ್ಧಚಂದ್ರಾಕಾರದ ಜಾಲಂದ್ರಗಳ ಕೆತ್ತನೆಗೂ ಬಿಡುತ್ತಾರೆ. ಬಾಯಿಗೆ ಬಿಗಿದ ಶಾರ್ಕ್ ಮೀನಿನ ಚರ್ಮವನ್ನು ತೆಂಗಿನ ನಾರಿನ ಹುರಿಗಳು ಆ ಜಾಲಂದ್ರಗಳ ಮೂಲಕ ಕೆಳಕ್ಕೆಳೆದು ಹಿಡಿಯುತ್ತವೆ. ವಾದಕನು ಕೋಲನ್ನು ಬಳಸದೆ ಬರಿಗೈಯಿಂದ ಇದನ್ನು ನುಡಿಸುತ್ತ, ತೊಡೆಗೆ ಕಟ್ಟಿಕೊಂಡ, ಮೀನಿನ ಚರ್ಮ ಹೊದಿಸಿದ ಕರಟದ ಪುಟ್ಟ ಪೂನಿಯುವನ್ನು ಹೆಣೆದ ನಾರಿನಿಂದ ಹೊಡೆಯುತ್ತ, ಜೊತೆಗೆ ಹಾಡುತ್ತಾನೆ.

1819ರಲ್ಲಿ ಹಳೆಯ ಧರ್ಮನಿಯಮಗಳು ರದ್ದಾದವು; ಮರುವರ್ಷ ಕ್ರೈಸ್ತ ಪಾದ್ರಿಗಳು ಬಂದಿಳಿದರು; 1830ರಲ್ಲಿ ಆಡಳಿತದ ಸೂತ್ರ ಹಿಡಿದಿದ್ದ ರಾಣಿ ಕಾಅಹುಮಾನು ಸಾರ್ವಜನಿಕ ಹುಲಾ ನೃತ್ಯವನ್ನೇ ನಿಷೇಧಿಸಿದಳು. ದೇವಾಲಯದ ಭೇರಿಗೆ ದೇವಾಲಯವೂ ನೃತ್ಯದ ಭೇರಿಗೆ ರಂಗವೂ ಇಲ್ಲವಾದ ಆ ಕಾಲದಲ್ಲಿ ವಿದ್ಯೆಯನ್ನು ಕಾಪಾಡಿದವರು ಮನೆಯೊಳಗೆ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಿದ ಕೆಲವು ಕುಟುಂಬಗಳ ಹಿರಿಯರು. ಹುಲಾವನ್ನು 1883ರ ಪಟ್ಟಾಭಿಷೇಕೋತ್ಸವಕ್ಕೆ ಕರೆತಂದ ಕಲಾಕೌವಾ ದೊರೆಯ ನೆನಪಿಗೆ ಹಿಲೋ ನಗರದಲ್ಲಿ 1960ರ ದಶಕದಿಂದ ಉತ್ಸವ ನಡೆಯುತ್ತಿದೆ. ಕೌಲಿಲುವಾದಂತಹ ಪುರಾತನ ಪಹು ನೃತ್ಯಗಳು ಈಗಲೂ ಕಾಣಸಿಗುತ್ತವೆ.

ಆದರೆ ಹಲವು ಭೇರಿಗಳಿಗೀಗ ಶಾರ್ಕ್ ಚರ್ಮದ ಬದಲು ದನದ ಚರ್ಮ ಬಂದಿದೆ. ಅದಕ್ಕೆ ಯಾರನ್ನೂ ದೂಷಿಸಲಾರೆ. ಚರ್ಮಕ್ಕೆ ಬದಲಿ ಸಿಕ್ಕೀತು. ಹಾಡುತ್ತಲೇ ನುಡಿಸಬಲ್ಲ ಹಿರಿಯರಿಗೆ ಸಿಗದು, ಅವರಿರುವಾಗಲೇ ಎಳೆಯರು ಬಳಿ ಕುಳಿತು ಕೇಳಲೆಂದು ಆಸೆಪಡುತ್ತೇನೆ.