ಮೋಡದ ಹದ ನೋಡುವ ಬೆಳಕು

ಆಷಾಢದ ಗಾಳಿ ಎದ್ದಿತೆಂದರೆ ಇಂಡಿ, ಸಿಂದಗಿಯ ಹೊಲಗಳ ಮೇಲೆ ದಿನವಿಡೀ ಮೋಡ ಓಡುತ್ತದೆ. ತೊಗರಿ ಬಿತ್ತಿದ ಎರಿ ನೆಲ ಮುಗಿಲು ನೋಡುತ್ತಲೇ ಉಳಿಯುತ್ತದೆ. ಬಸವನಬಾಗೇವಾಡಿ, ಮುದ್ದೇಬಿಹಾಳದ ಮಗ್ಗುಲಲ್ಲಿ ಕೃಷ್ಣೆ, ಆಚೆ ಅಂಚಿಗೆ ಭೀಮೆ. ಎರಡು ಹೊಳೆಗಳ ನಡುವಿನ ಈ ಸೀಮೆ ಸಹ್ಯಾದ್ರಿಯ ಮಳೆ ನೆರಳಿನಲ್ಲಿದೆ. ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ.

ಮೋಡವಿದ್ದೂ ಮಳೆ ಏಕಿಲ್ಲ? ಉತ್ತರದ ಒಂದು ಪಾಲು ಕಣ್ಣಿಗೆ ಕಾಣದ ಕಣಗಳಲ್ಲಿದೆ. ಎರಿಮಣ್ಣಿನ ದೂಳು, ಕಬ್ಬಿನ ರವದಿ ಸುಟ್ಟ ಹೊಗೆ, ಕಲ್ಲಿದ್ದಲು ಉರಿದಾಗ ಹುಟ್ಟುವ ಸಲ್ಫೇಟ್, ಗಾಳಿ ಹೊತ್ತು ತರುವ ಕಡಲ ಉಪ್ಪು ಇವೆಲ್ಲ ಏರೋಸಾಲ್‌ಗಳು. ಪ್ರತಿ ಮೋಡಹನಿಗೂ ಇಂಥದೊಂದು ಕಣವೇ ಬೀಜ. ಬೀಜ ಒತ್ತಾಗಿ ಬಿದ್ದ ಹೊಲದಲ್ಲಿ ಪೈರು ಸೊರಗುವಂತೆ, ಕಣ ಅತಿಯಾದ ಮೋಡದಲ್ಲಿ ಇದ್ದ ನೀರು ಹಂಚಿಹೋಗಿ ಹನಿಗಳು ಸಣ್ಣಗಾಗುತ್ತವೆ. ಹನಿಯ ತ್ರಿಜ್ಯ ಸುಮಾರು 14 ಮೈಕ್ರಾನ್ ಮುಟ್ಟದಿದ್ದರೆ ಅವು ಒಂದಕ್ಕೊಂದು ಕೂಡಿ ಮಳೆಯಾಗುವುದು ಕಷ್ಟ.

ವಾಲಿದ ಬೆಳಕು ಹೇಳುವುದೇನು?

ಸೂರ್ಯನ ಬೆಳಕಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತಿರುತ್ತವೆ. ಕಣಕ್ಕೆ ಬಡಿದು ಚದುರಿದಾಗ ಆ ಕಂಪನ ಒಂದು ದಿಕ್ಕಿಗೆ ವಾಲುತ್ತದೆ. ಇದೇ ಧ್ರುವೀಕರಣ. ಎಷ್ಟು ವಾಲಿತು ಎಂಬುದು ಕಣದ ಗಾತ್ರ, ಆಕಾರ, ಗುಣ ಮತ್ತು ನೋಡುವ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ. ಸಾಮಾನ್ಯ ಉಪಗ್ರಹ ಚಿತ್ರದಲ್ಲಿ ಒಂದೇ ಮಸುಕಾಗಿ ಕಾಣುವ ಒರಟು ದೂಳು, ನವಿರು ಹೊಗೆಗಳನ್ನು ಈ ಅಳತೆ ಬೇರ್ಪಡಿಸಬಲ್ಲದು. ಮೋಡದ ಮೇಲೆ ಮೂಡುವ ಮಸುಕಾದ ಬಿಲ್ಲಿನ ಪಟ್ಟೆಗಳಿಂದ ಹನಿಯ ಗಾತ್ರವೂ ತಿಳಿಯುತ್ತದೆ.

1921ರಲ್ಲಿ ಹಡಗಿನಲ್ಲಿ ಬರುತ್ತಿದ್ದ ಸಿ.ವಿ. ರಾಮನ್ ಇಂಥದೇ ಬೆಳಕನ್ನು ನಿಕೋಲ್ ಪಟ್ಟಕದಿಂದ ಸೋಸಿ ನೋಡಿದರು. ನೀರಿನ ಮೇಲಿನ ಆಕಾಶದ ಪ್ರತಿಫಲನ ಮರೆಯಾದರೂ ಕಡಲಿನ ನೀಲಿ ಉಳಿದಿತ್ತು. 1974ರಲ್ಲಿ ವಿಜ್ಞಾನಿಗಳಾದ ಹ್ಯಾನ್ಸನ್ ಮತ್ತು ಹೋವನಿಯರ್ ಧ್ರುವೀಕರಣದ ಇದೇ ದಾರಿಯಿಂದ ಶುಕ್ರನ ಮೋಡಗಳು ಗಂಧಕಾಮ್ಲದ ಹನಿಗಳೆಂದು ತೋರಿಸಿದರು. 2023ರಲ್ಲಿ ಚಂದ್ರಯಾನ-3ರ ನೋದಕ ಘಟಕದಲ್ಲಿದ್ದ 'ಶೇಪ್' ಉಪಕರಣ ಚಂದ್ರನ ಕಕ್ಷೆಯಿಂದ ಭೂಮಿಯನ್ನು ಹೀಗೆಯೇ ನೋಡಿತು. 2024ರ ಫೆಬ್ರುವರಿ 8ರಂದು ನಾಸಾ ಹಾರಿಸಿದ 'ಪೇಸ್' ಉಪಗ್ರಹದ 'ಹಾರ್ಪ್-2' ಉಪಕರಣ ಒಂದೇ ಜಾಗವನ್ನು ಕೆಂಪು ಬೆಳಕಿನಲ್ಲಿ 60 ಕೋನಗಳಿಂದ ಅಳೆಯಬಲ್ಲದು.

ಭೀಮೆಯ ಆಚೆ ದಡದ ಪಾಠ

ಹನಿ ದೊಡ್ಡದಾಗಿ ಮಳೆಯಾಗಲೆಂದು ಮೋಡಕ್ಕೆ ತಕ್ಕ ಕಣ ಎರಚುವುದೇ ಮೋಡ ಬಿತ್ತನೆ. ಅದರಲ್ಲಿ ಇಂಡಿಗೆ ಹತ್ತಿರದ ಪಾಠ ಸೊಲ್ಲಾಪುರದ್ದು. 2018 ಮತ್ತು 2019ರ ಮಳೆಗಾಲದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಅಲ್ಲಿ 276 ಮೋಡಗಳನ್ನು ಆರಿಸಿ, ಬಿತ್ತಿದ್ದನ್ನೂ ಬಿತ್ತದೆ ಬಿಟ್ಟದ್ದನ್ನೂ ಹೋಲಿಸಿತು. ವಿಮಾನ, ಮಳೆಮಾಪಕಗಳ ಜೊತೆ ಧ್ರುವೀಕರಣ ರೇಡಾರೂ ಇತ್ತು. ದೊಡ್ಡ ಹನಿ ಬೀಳುವಾಗ ಚಪ್ಪಟೆಯಾಗುತ್ತದೆ. ಅಡ್ಡ ಅಲೆ ಲಂಬ ಅಲೆಗಿಂತ ಬಲವಾಗಿ ಮರಳಿದರೆ ಹನಿ ದಪ್ಪವೆಂದು ರೇಡಾರ್ ಅರಿಯುತ್ತದೆ. ಬಿತ್ತನೆಯಿಂದ ಕೆಲವು ತಾಣಗಳಲ್ಲಿ ಸುಮಾರು ಶೇ 46, ಒಟ್ಟು 100 ಚದರ ಕಿ.ಮೀ.ನಲ್ಲಿ ಶೇ 18ರಷ್ಟು ಮಳೆ ಹೆಚ್ಚಿತು. ಆದರೆ ಬಿತ್ತನೆ ಎಲ್ಲ ಮೋಡಕ್ಕೂ ಹತ್ತುವುದಿಲ್ಲ. ಬರಿದಾದ ಮುಗಿಲಲ್ಲಿ ಮಳೆ ಹುಟ್ಟಿಸಲೂ ಆಗದು.

ಅದಕ್ಕೇ ಅಳತೆ ಮೊದಲು, ಬಿತ್ತನೆ ಆಮೇಲೆ. ಈಚೆ ದಡದ ನಾಲ್ಕು ತಾಲ್ಲೂಕುಗಳ ಮೋಡಕ್ಕೂ ಅಂಥ ಅಳತೆ ಸಲ್ಲಬೇಕು; ಅದರ ಫಲ ಕನ್ನಡದಲ್ಲಿ ರೈತರ ಕೈಗೂ ಸಿಗಬೇಕು. ಹಿಡಿ ಮಣ್ಣು ಕೈಯಲ್ಲಿ ಹಿಸುಕಿ, ಹದ ನೋಡಿಯೇ ಕೂರಿಗೆ ಹೂಡುವ ಸೀಮೆ ಇದು. ಮೋಡದ ಹದವನ್ನೂ ನೋಡದೆ ಬಿತ್ತಬಾರದು.