ಪೀಪಾಯಿಯಿಂದ ಲೋಟಕ್ಕೆ

ನಂಜನಗೂಡೆಂದೊಡನೆ ಶ್ರೀಕಂಠೇಶ್ವರನ ಗೋಪುರವೂ, ಕಪಿಲೆಯ ಸ್ನಾನಘಟ್ಟವೂ, ರಸಬಾಳೆಯೂ, ಹಲ್ಲುಪುಡಿಯೂ ನೆನಪಿಗೆ ಬರುವುದು ಸಹಜ. ಆದರೆ ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯ ಬಿಯರ್ ಕಾರ್ಖಾನೆಯೊಂದು ಇದೆಯೆಂಬುದನ್ನು ಊರಿನವರು ಬಂಧುಬಳಗಕ್ಕೆ ಮೊದಲ ಮಾತಿನಲ್ಲೇ ಹೇಳುವುದಿಲ್ಲ. ದೇವರ ಊರಿನಲ್ಲಿ ಮದ್ಯದ ಪ್ರಸ್ತಾಪವೇಕೆಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಆ ಸಂಕೋಚವನ್ನು ನಾನು ಗೌರವಿಸುತ್ತೇನೆ; ಈ ಲೇಖನದ ಮಟ್ಟಿಗೆ ಪಾಲಿಸಲಾರೆ.

ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ 1915ರಲ್ಲಿ ಸ್ಥಾಪಿಸಿದ ಈ ಸಂಸ್ಥೆ, ತನ್ನ ಆರಂಭದ ದಿನಗಳಲ್ಲಿ ಆಂಗ್ಲ ಸೈನಿಕರಿಗೆಂದು ಬಿಯರನ್ನು ಭಾರಿ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಗಳ ಮೇಲೆ ಸಾಗಿಸುತ್ತಿತ್ತು. ಇಂದು ಪೀಪಾಯಿಯ ಸ್ಥಾನದಲ್ಲಿ ಕೆಗ್ಗೆಂದು ಕರೆಯುವ ಉಕ್ಕಿನ ಪಾತ್ರೆ ಬಂದಿದೆ. ಬೆಂಗಳೂರಿನ ಪಬ್ಬುಗಳಲ್ಲಿ ಕೆಗ್ಗಿನಿಂದ ನೇರ ನಲ್ಲಿಗೆ ಬರುವ ಡ್ರಾಟ್ ಬಿಯರಿನ ರುಚಿ ಹತ್ತಿಸಿಕೊಂಡು, ನಂಜನಗೂಡಿನ ಸುತ್ತಲೋ ತಿರುಮಕೂಡಲು ನರಸೀಪುರದ ರಸ್ತೆಯ ಬದಿಯಲ್ಲೋ ತೋಟದ ಮನೆ ಕಟ್ಟಿಸಿಕೊಂಡ ಗೃಹಸ್ಥನೊಬ್ಬನಿಗೆ, ತನ್ನ ಬಾರಿನ ಕಟ್ಟೆಯ ಕೆಳಗೂ ಅಂಥದೊಂದು ಪಾತ್ರೆಯನ್ನು ಫ್ರಿಜ್ಜಿನಲ್ಲಿರಿಸಿ, ಕಟ್ಟೆಯ ಮೇಲಣ ನಲ್ಲಿಯಿಂದ ಲೋಟ ತುಂಬಿಸಿಕೊಳ್ಳಬೇಕೆಂಬ ಆಸೆ ಹುಟ್ಟಿದರೆ ಅದರಲ್ಲಿ ವಿಶೇಷವೇನೂ ಇಲ್ಲ. ಆ ಆಸೆಯ ಹಿಂದಿರುವ ಯಂತ್ರಧರ್ಮವನ್ನು ಮಾತ್ರ ಅವನು ಮೊದಲೇ ತಿಳಿದಿರುವುದು ಲೇಸು.

ಸೀಸೆಯ ಬಿಯರಿಗೂ ಕೆಗ್ಗಿನ ಬಿಯರಿಗೂ ಮೂಲದ್ರವ್ಯದಲ್ಲಿ ಭೇದವಿಲ್ಲ. ಎರಡೂ ಬಾರ್ಲಿಯ ಮೊಳಕೆ, ಹಾಪ್ಸ್, ಯೀಸ್ಟ್ ಮತ್ತು ನೀರಿನಿಂದಲೇ ಆದವು. ಸೀಸೆಯದನ್ನು ಸಾಮಾನ್ಯವಾಗಿ ಅರವತ್ತು ಡಿಗ್ರಿಯ ಆಸುಪಾಸಿಗೆ ಕಾಯಿಸಿ ಅದರೊಳಗಿನ ಸೂಕ್ಷ್ಮಜೀವಿಗಳನ್ನು ನಿಷ್ಕ್ರಿಯಗೊಳಿಸುತ್ತಾರೆ. ಕೆಗ್ಗಿನದನ್ನು ಬಹುಮಟ್ಟಿಗೆ ಹಾಗೆ ಕಾಯಿಸುವುದಿಲ್ಲ. ಅದರ ತಾಜಾತನಕ್ಕೂ ಅಲ್ಪಾಯುಷ್ಯಕ್ಕೂ ಇದೊಂದೇ ಕಾರಣ. ಬೆಳಗ್ಗೆ ಸಿಹಿಯಾಗಿದ್ದ ಈಚಲ ಹೆಂಡ ಸಂಜೆಯ ವೇಳೆಗೆ ಹುಳಿಯಾಗುತ್ತಿದ್ದುದನ್ನು ಕಂಡಿದ್ದ ಈ ಸೀಮೆಯ ಹಿರಿಯರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ಬಿಯರು ಅಷ್ಟು ಬೇಗ ಕೆಡದಾದರೂ, ಬಿಸಿಲು ತಾಗಿತೆಂದರೆ ಕಾರ್ಖಾನೆಯಲ್ಲಿ ಪಟ್ಟ ಶ್ರಮವೆಲ್ಲ ವ್ಯರ್ಥ. ಡ್ರಾಟ್ ಬಿಯರಿನ ಗುಣ ನಿರ್ಣಯವಾಗುವುದು ಬ್ರೂವರಿಯಲ್ಲಲ್ಲ, ಕೆಗ್ಗಿನಿಂದ ನಲ್ಲಿಯವರೆಗಿನ ಕೊನೆಯ ಐದಾರು ಅಡಿಗಳಲ್ಲಿ ಎಂಬುದು ನನ್ನ ಅಭಿಪ್ರಾಯ.

ಹಾಗೆ ನೋಡಿದರೆ ಶೈತ್ಯಯಂತ್ರಕ್ಕೂ ಬಿಯರಿಗೂ ಹಳೆಯ ಋಣಾನುಬಂಧವುಂಟು. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ತನ್ನ ಆರಂಭದ ಶೈತ್ಯಯಂತ್ರಗಳನ್ನು ರೂಪಿಸಿದ್ದು ಮ್ಯೂನಿಕ್ಕಿನ ಬಿಯರ್ ತಯಾರಕರ ಆಶ್ರಯದಲ್ಲಿ. ನಮ್ಮ ಅಡಿಗೆಮನೆಗಳಲ್ಲಿ ಹಾಲು ಕಾಯುವ ಫ್ರಿಜ್ಜು ಆ ವಂಶದ್ದೇ.

ಈಗ ಕಟ್ಟೆಯ ಕೆಳಗಿನ ಮಾತು. ಐವತ್ತು ಲೀಟರಿನ ಕೆಗ್ಗು ತುಂಬಿದಾಗ ಅರವತ್ತು ಕಿಲೋಗ್ರಾಂ ಮೀರಿ ತೂಗುವುದರಿಂದ, ಸಾಮಾನ್ಯ ಫ್ರಿಜ್ಜಿನ ಗಾಜಿನ ಹಲಗೆಗಳನ್ನು ಕಳಚಿ, ತಳಕ್ಕೆ ಗಟ್ಟಿ ಮರದ ಹಲಗೆ ಹಾಸಬೇಕು. ಹಿಂಭಾಗದಲ್ಲಿ ಕಂಪ್ರೆಸರಿನ ಉಬ್ಬಿರುವ ಫ್ರಿಜ್ಜುಗಳಲ್ಲಿ ಕೆಗ್ಗು ಕೂರುವುದೇ ಇಲ್ಲವಾದ್ದರಿಂದ ಅಂಗಡಿಗೆ ಹೋಗುವಾಗ ಅಳತೆ ಪಟ್ಟಿ ಜೊತೆಗಿರಬೇಕು. ಬಡಗಿಯು ಕಟ್ಟೆಯ ಮೂರು ಪಾರ್ಶ್ವಗಳನ್ನೂ ಅಂದವಾಗಿ ಪ್ಲೈವುಡ್ಡಿನಿಂದ ಮುಚ್ಚಿಬಿಟ್ಟರೆ, ಫ್ರಿಜ್ಜು ಹೊರಹಾಕುವ ಶಾಖವು ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತಿ, ಯಂತ್ರವು ಹಗಲಿರುಳೂ ದುಡಿದು ಸವೆಯುತ್ತದೆ. ದೊಡ್ಡಜಾತ್ರೆಯ ಕಾಲದ ನಂಜನಗೂಡಿನ ಧಗೆಯನ್ನೂ, ಕಾವೇರಿ ಕಪಿಲೆಯರ ಸಂಗಮವಿದ್ದರೂ ಏಪ್ರಿಲ್ಲಿನಲ್ಲಿ ಕರುಣೆ ತೋರದ ನರಸೀಪುರದ ಬಿಸಿಲನ್ನೂ ಬಲ್ಲವರು ಹಿಂದೆಯೂ ಮೇಲೆಯೂ ಗಾಳಿಗೆ ಜಾಗ ಬಿಡಿಸಿ, ಒಂದು ಸ್ಟೆಬಿಲೈಸರನ್ನೂ ಇಟ್ಟುಕೊಳ್ಳುವರು. ಕರೆಂಟು ಹೋದಾಗ ಮಾಡಬೇಕಾದ ಕೆಲಸವೆಂದರೆ ಏನನ್ನೂ ಮಾಡದಿರುವುದು: ಬಾಗಿಲು ತೆರೆಯದಿದ್ದರೆ ತುಂಬಿದ ಕೆಗ್ಗು ತನ್ನ ತಂಪನ್ನು ತಾನೇ ಹಲವು ಗಂಟೆ ಕಾಪಾಡಿಕೊಳ್ಳುತ್ತದೆ.

ಬಿಯರನ್ನು ಮೇಲಕ್ಕೆ ತಳ್ಳುವುದು ಇಂಗಾಲದ ಡೈಆಕ್ಸೈಡ್ ಅನಿಲ. ಮೂರು ಡಿಗ್ರಿ ಸೆಲ್ಸಿಯಸ್ಸಿನಲ್ಲಿರುವ ಬಿಯರಿಗೆ ಚದರ ಅಂಗುಲಕ್ಕೆ ಸುಮಾರು 12 ಪೌಂಡಿನ ಒತ್ತಡ ಸಾಕು. ಕಾರಿನ ಟೈರಿನ ಗಾಳಿಯ ಅರ್ಧಕ್ಕಿಂತಲೂ ಇದು ಕಡಿಮೆ. ಆದರೆ ಅನಿಲದ ಸಿಲಿಂಡರಿನ ಒಳಗಿರುವ ಒತ್ತಡ ಈ 12 ಪೌಂಡಿನ ಎಪ್ಪತ್ತು ಪಟ್ಟನ್ನೂ ಮೀರುವುದರಿಂದ, ನಡುವೆ ರೆಗ್ಯುಲೇಟರಿಲ್ಲದೆ ಅದನ್ನು ಜೋಡಿಸುವ ಸಾಹಸ ಕೂಡದು. ಸಿಲಿಂಡರು ನೆಟ್ಟಗೆ ನಿಂತಿರಬೇಕು, ಸರಪಳಿಯಿಂದ ಬಿಗಿದಿರಬೇಕು. ಈ ಅನಿಲಕ್ಕೆ ಅಡಿಗೆ ಅನಿಲದಂತೆ ಎಚ್ಚರಿಸುವ ವಾಸನೆಯಿಲ್ಲ. ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಬಾರು ಮಾಡಿಸುವವರು ಇದನ್ನು ಎರಡು ಸಲ ಓದಲಿ. ಸೋರಿಕೆ ಪತ್ತೆಗೆ ಸಾಬೂನಿನ ನೊರೆಯೇ ಸಾಕು: ಪ್ರತಿ ಸಂದಿಗೂ ಹಚ್ಚಿ, ಗುಳ್ಳೆ ಏಳುವುದೋ ಎಂದು ನೋಡಬೇಕು.

ಇಷ್ಟೆಲ್ಲ ಸರಿಯಾಗಿದ್ದೂ ಮೊದಲ ಲೋಟದಲ್ಲಿ ಮುಕ್ಕಾಲು ಪಾಲು ನೊರೆ ಬಂದು, ಎರಡನೆಯ ಲೋಟ ಸ್ವಚ್ಛವಾಗಿ ಇಳಿಯುವುದುಂಟು. ಜನ ಆಗ ಕೆಗ್ಗನ್ನು ಶಂಕಿಸುತ್ತಾರೆ, ರೆಗ್ಯುಲೇಟರನ್ನು ತಿರುಗಿಸಿ ಮತ್ತಷ್ಟು ಕೆಡಿಸುತ್ತಾರೆ. ದೋಷವಿರುವುದು ನಲ್ಲಿಯನ್ನು ಹೊತ್ತು ಕಟ್ಟೆಯ ಮೇಲೆದ್ದ ಲೋಹದ ಕಂಬದಲ್ಲಿ. ತಂಪು ಗಾಳಿ ಕೆಳಗೇ ಉಳಿಯುವ ಸ್ವಭಾವದ್ದು. ಕಂಬದೊಳಗಿನ ಗೇಣುದ್ದದ ಕೊಳವೆ ಕೋಣೆಯ ಸೆಕೆಗೆ ಬಿಸಿಯಾಗಿರುತ್ತದೆ. ಅಲ್ಲಿಗೆ ಬಂದ ಬಿಯರು ತನ್ನಲ್ಲಿ ಕರಗಿದ್ದ ಅನಿಲವನ್ನು ಒಮ್ಮೆಲೇ ಬಿಟ್ಟುಕೊಡುತ್ತದೆ. ಮೊದಲ ಲೋಟ ಹರಿದು ಕೊಳವೆಯನ್ನು ತಣಿಸುವುದರಿಂದಲೇ ಎರಡನೆಯದು ಸೊಗಸಾಗುವುದು. ಕಂಪ್ಯೂಟರಿನೊಳಗೆ ಇರುವಂಥ ಪುಟ್ಟ ಫ್ಯಾನೊಂದನ್ನು ಫ್ರಿಜ್ಜಿನಲ್ಲಿಟ್ಟು, ಒಂದು ಮೆದು ಕೊಳವೆಯ ಮೂಲಕ ತಂಪನ್ನು ಕಂಬದ ನೆತ್ತಿಯವರೆಗೆ ಊದಿಸಿದರೆ ಈ ಕಾಟ ಬಹುಪಾಲು ತೀರುತ್ತದೆ. ಬಿಯರಿನ ಕೊಳವೆಯ ಒಳವ್ಯಾಸ ಐದು ಮಿಲಿಮೀಟರಿನಷ್ಟಿದ್ದು ಉದ್ದ ಐದಾರು ಅಡಿಯಾದರೂ ಇರಲಿ. ಗಿಡ್ಡ ಕೊಳವೆಯಲ್ಲಿ ಬಿಯರು ರಭಸದಿಂದ ನುಗ್ಗಿ ನೊರೆಗಟ್ಟುತ್ತದೆ. ನಲ್ಲಿಯನ್ನು ಅರೆಬರೆ ತಿರುಗಿಸದೆ ಪೂರ್ತಿ ತೆರೆಯಬೇಕು, ಲೋಟವನ್ನು ಓರೆಯಾಗಿ ಹಿಡಿಯಬೇಕು, ಅದರಲ್ಲಿ ಸಾಬೂನಿನ ಅಂಶ ಲವಲೇಶವೂ ಇರಬಾರದು.

ಎರಡು ವಾರಕ್ಕೊಮ್ಮೆ ಕೊಳವೆಯನ್ನು ಅದಕ್ಕೆಂದೇ ಸಿಗುವ ಕ್ಷಾರದ್ರಾವಣದಿಂದ ತೊಳೆದು, ಶುದ್ಧ ನೀರು ಹಾಯಿಸಬೇಕು. ಉತ್ಸಾಹ ಇಳಿಯುವುದು ಸಾಮಾನ್ಯವಾಗಿ ಇಲ್ಲಿಯೇ.

ಉಳಿದದ್ದು ಕಾನೂನು. ಸನ್ನದಿಲ್ಲದ ಮನೆಯಲ್ಲಿ ಎಷ್ಟು ಮದ್ಯವನ್ನು ಇಟ್ಟುಕೊಳ್ಳಬಹುದೆಂಬುದಕ್ಕೆ ಅಬಕಾರಿ ನಿಯಮಗಳು ಮಿತಿ ವಿಧಿಸಿವೆ. ಕೆಗ್ಗುಗಳು ಸಾಮಾನ್ಯವಾಗಿ ಹೋಗುವುದೂ ಸನ್ನದುಳ್ಳ ಬಾರುಗಳಿಗೇ. ಬ್ರೂವರಿ ಪಕ್ಕದಲ್ಲಿದೆಯೆಂದು ಅದರ ಗೇಟಿಗೆ ಹೋಗಿ ಒಂದು ಕೆಗ್ಗು ಕೊಡಿರೆಂದು ಕೇಳಲಾಗದು. ಅಲ್ಲದೆ, ಇಬ್ಬರೋ ಮೂವರೋ ಕುಡಿಯುವ ಮನೆಯಲ್ಲಿ ಕಾಯಿಸದ ಬಿಯರಿನ ಐವತ್ತು ಲೀಟರು ಅದರ ಆಯುಷ್ಯದೊಳಗೆ ಮುಗಿಯುವುದು ಕಷ್ಟ. ಆದ್ದರಿಂದ ಮೊದಲು ಅಬಕಾರಿ ಕಚೇರಿಯಲ್ಲಿ ವಿಚಾರಿಸಿ, ಅವರು ಒಪ್ಪುವ ಪರಿಮಾಣದ ಸಣ್ಣ ಕೆಗ್ಗಿಗೆ ತಕ್ಕ ಫ್ರಿಜ್ಜನ್ನು ಆರಿಸಿ, ಬಡಗಿಯನ್ನು ಕಟ್ಟಕಡೆಗೆ ಕರೆಸುವುದು ಉಚಿತ.