ಅರಿವಿನ ಹಸಿವು ಪಾಪವಲ್ಲ

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಅಚ್ಚಾದದ್ದು 1818ರಲ್ಲಿ. ಬರೆಯತೊಡಗಿದಾಗ ಆಕೆಗೆ ಬರೀ 18 ವರ್ಷ. ಅಂದಿನಿಂದ ಇಂದಿನವರೆಗೆ ವಿಜ್ಞಾನದಲ್ಲಿ ಹೊಸದೇನು ಬಂದರೂ ಈ ಕಾದಂಬರಿಯನ್ನು ಮುಂದಿಟ್ಟುಕೊಂಡು, ಅತಿಯಾಗಿ ತಿಳಿಯಹೋದರೆ ಅನಾಹುತ ಎಂದು ಹೆದರಿಸುವವರಿದ್ದಾರೆ. ಕುಶಾಲನಗರದ ಕಾಲೇಜು ಮಕ್ಕಳ ಕೈಗೆ ಪುಸ್ತಕ ಕೊಡುವ ಮುನ್ನ ನಾಲ್ಕು ತಪ್ಪು ತಿಳಿವಳಿಕೆಗಳನ್ನು ಸರಿಪಡಿಸಿಕೊಳ್ಳೋಣ.

ತಪ್ಪು ಕಲ್ಪನೆ 1: ಫ್ರಾಂಕೆನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರು.

ವಾಸ್ತವ: ಅದು ಆ ಜೀವಿಯನ್ನು ಸೃಷ್ಟಿಸಿದ ವಿಕ್ಟರ್ ಎಂಬ ವಿದ್ಯಾರ್ಥಿಯ ಮನೆತನದ ಹೆಸರು. ನವೆಂಬರಿನ ಒಂದು ಮಳೆರಾತ್ರಿ, ಮೇಣದಬತ್ತಿ ಉರಿದು ಮುಗಿಯುವ ಹೊತ್ತಿಗೆ, ಅವನು ಜೋಡಿಸಿದ ದೇಹ ಹಳದಿ ಕಣ್ಣು ತೆರೆಯುತ್ತದೆ. ಹೆಚ್ಚುಕಡಿಮೆ ಎರಡು ವರ್ಷ ಅದಕ್ಕಾಗಿ ದುಡಿದವನು ಅದರ ಮುಖ ನೋಡಿ ಹೇಸಿ ಓಡಿಹೋಗುತ್ತಾನೆ. ಹುಟ್ಟಿಸಿದ್ದಕ್ಕೆ ಒಂದು ಹೆಸರನ್ನೂ ಇಡುವುದಿಲ್ಲ. ಅವನ ಅಪರಾಧ ಶುರುವಾಗುವುದು ಇಲ್ಲಿಂದ.

ತಪ್ಪು ಕಲ್ಪನೆ 2: ಓದು, ವಿಜ್ಞಾನಗಳೇ ಕೇಡಿನ ಮೂಲ ಎನ್ನುತ್ತದೆ ಈ ಕಥೆ.

ವಾಸ್ತವ: ಆ ಅನಾಥ ಜೀವಿ ಗೋಡೆಯ ಬಿರುಕಿನಿಂದ ಒಂದು ಬಡ ಕುಟುಂಬವನ್ನು ನೋಡುತ್ತ ಮಾತು ಕಲಿಯುತ್ತದೆ, ಮಿಲ್ಟನ್, ಪ್ಲುಟಾರ್ಕ್‌ರನ್ನು ಓದುತ್ತದೆ. ಯಾರಿಗೂ ಕಾಣದಂತೆ ರಾತ್ರಿ ಹೊತ್ತು ಆ ಮನೆಗೆ ಸೌದೆ ತಂದಿಡುತ್ತದೆ. ಅದು ಕೊಲೆಗಿಳಿಯುವುದು ಕಂಡಕಂಡವರೆಲ್ಲ ಹೊಡೆದಟ್ಟಿದ ಮೇಲೆ.

ತಪ್ಪು ಕಲ್ಪನೆ 3: ಇಂಥ ಭಯ ಪಶ್ಚಿಮದವರದು, ನಮ್ಮಲ್ಲಿ ವಿದ್ಯೆಗೆ ಪೂಜೆ ಮಾತ್ರ.

ವಾಸ್ತವ: ಮಹಾಭಾರತದ ವನಪರ್ವದಲ್ಲಿ ಯವಕ್ರೀತನ ಕಥೆಯಿದೆ. ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ ನಾಟಕ ಹುಟ್ಟಿದ್ದು ಅದರಿಂದಲೇ. ಗುರುವಿಲ್ಲದೆ, ತಪಸ್ಸಿನ ಬಲದಿಂದಲೇ ವೇದಗಳೆಲ್ಲ ಒಲಿಯಬೇಕೆಂದು ಅವನು ಹಟ ಹಿಡಿಯುತ್ತಾನೆ. ಇಂದ್ರ ಮುದುಕನ ವೇಷದಲ್ಲಿ ಬಂದು, ಗಂಗೆಗೆ ಹಿಡಿಹಿಡಿ ಮರಳು ಸುರಿದು ಸೇತುವೆ ಕಟ್ಟಲು ಕೂರುತ್ತಾನೆ. ಕುಶಾಲನಗರದ ಕೊಪ್ಪ ಸೇತುವೆಯ ಮೇಲೆ ನಿಂತು ಮಳೆಗಾಲದ ಕಾವೇರಿಯ ರಭಸ ಕಂಡವರಿಗೆ ಇಂದ್ರನ ಪಾಠ ಬಿಡಿಸಿ ಹೇಳಬೇಕಿಲ್ಲ. ಯವಕ್ರೀತ ಮುದುಕನನ್ನು ನೋಡಿ ನಗುತ್ತಾನೆ, ಆದರೆ ಹಟ ಬಿಡುವುದಿಲ್ಲ. ವರ ಸಿಕ್ಕಿದ ಮೇಲೆ ಗರ್ವ ತಲೆಗೇರಿ ರೈಭ್ಯನೆಂಬ ಋಷಿಯ ಸೊಸೆಯ ಮಾನಕ್ಕೆ ಕೈಹಾಕುತ್ತಾನೆ. ರೈಭ್ಯ ಜಟೆಯ ಕೂದಲು ಕಿತ್ತು ಬೆಂಕಿಗೆ ಹಾಕಿ ಒಬ್ಬ ಹೆಣ್ಣನ್ನೂ ಒಬ್ಬ ರಾಕ್ಷಸನನ್ನೂ ಸೃಷ್ಟಿಸಿ ಅವನನ್ನು ಕೊಲ್ಲಿಸುತ್ತಾನೆ. ಗಮನಿಸಿ: ರೈಭ್ಯ ಕಷ್ಟಪಟ್ಟು, ಗುರುಸೇವೆ ಮಾಡಿಯೇ ಕಲಿತವನು. ಆ ವಿದ್ಯೆಯೂ ಸಿಟ್ಟಿನ ಕೈಗೆ ಸಿಕ್ಕಾಗ ಕೊಲೆಗಾರನನ್ನೇ ಹುಟ್ಟಿಸಿತು.

ತಪ್ಪು ಕಲ್ಪನೆ 4: ಹಾಗಾದರೆ ಮಹತ್ವಾಕಾಂಕ್ಷೆಯನ್ನೇ ಬಿಡಬೇಕು.

ವಾಸ್ತವ: ಶೆಲ್ಲಿಯ ಕಾದಂಬರಿಯಲ್ಲಿ ವಾಲ್ಟನ್ ಎಂಬ ನಾವಿಕನೂ ಇದ್ದಾನೆ. ಉತ್ತರ ಧ್ರುವ ಮುಟ್ಟಬೇಕೆಂಬ ಆಸೆ ಅವನದು. ಹಿಮಗಡ್ಡೆಗಳ ನಡುವೆ ಹಡಗು ಸಿಕ್ಕಿಕೊಂಡಾಗ ಸಂಗಡಿಗರ ಮಾತಿಗೆ ಮಣಿದು, ಮನಸ್ಸಿಲ್ಲದಿದ್ದರೂ ಹಿಂದಿರುಗಲು ಒಪ್ಪುತ್ತಾನೆ. ಮಹಾಭಾರತದ ಅದೇ ಕಥೆಯಲ್ಲಿ ರೈಭ್ಯನ ಮಗ ಅರ್ವಾವಸು ದೇವತೆಗಳು ವರ ಕೊಡಲು ಬಂದಾಗ, ಸತ್ತವರೆಲ್ಲ ಬದುಕಿ ಬರಲಿ ಎಂದು ಕೇಳುತ್ತಾನೆ. ಇಬ್ಬರಿಗೂ ಶಕ್ತಿಯಿತ್ತು, ಆಸೆಯಿತ್ತು. ಅದರ ಜೊತೆಗೆ ಅಕ್ಕಪಕ್ಕದವರ ಜೀವದ ಮೇಲೆ ಕಾಳಜಿಯೂ ಇತ್ತು.

ನಮ್ಮೂರಿನ ಹುಡುಗಿಯೊಬ್ಬಳು ನಾಳೆ ಪ್ರಯೋಗಾಲಯ ಸೇರುತ್ತೇನೆ ಎಂದರೆ ಈ ಕಥೆಗಳನ್ನು ಹೇಳಿ ಅವಳನ್ನು ಹೆದರಿಸಬೇಡಿ. ಅಡ್ಡದಾರಿ ಹಿಡಿಯಬೇಡ, ಮಾಡಿದ್ದನ್ನು ನಡುನೀರಿನಲ್ಲಿ ಕೈಬಿಡಬೇಡ ಎಂದು ಹೇಳಿ, ಧೈರ್ಯ ತುಂಬಿ ಕಳಿಸಿ.